ದೊಡ್ಡ ಫ್ಯೂಸ್

ಹಿಮಾಲಯದ ತಪ್ಪಲಲ್ಲಿ, ನದಿಯ ದಂಡೆಯ ಮೇಲೆ, ಕನ್ನಡದವರು ಕಟ್ಟಿಕೊಂಡ ಒಂದು ಸಣ್ಣ ಆಶ್ರಮವಿತ್ತು. ಅಲ್ಲಿಯ ಗುರು ನೀಲಾಂಬಿಕೆ ತಾಯಿ.

ಆಶ್ರಮದಲ್ಲಿ ಒಂದು ಹಳೆಯ ಕಾರಿತ್ತು. ಯಾರೋ ಭಕ್ತರು ಕೊಟ್ಟುಹೋದದ್ದು. ಸ್ವಿಚ್ ಒತ್ತಿದರೆ ಅದರ ಮುಂದಿನ ಸೀಟುಗಳು ಬೆಚ್ಚಗಾಗುತ್ತಿದ್ದವು. ಚಳಿಗಾಲದಲ್ಲಿ ರೋಗಿಗಳನ್ನು ಕಣಿವೆಯ ಆಸ್ಪತ್ರೆಗೆ ಕರೆದೊಯ್ಯಲು ಇದ್ದದ್ದು ಅದೊಂದೇ ಗಾಡಿ.

ಅದನ್ನು ನೋಡಿಕೊಳ್ಳುತ್ತಿದ್ದವನು ಶಿಷ್ಯ ಮಾರ್ತಾಂಡ. ಹಿಂದೆ ಹುಬ್ಬಳ್ಳಿಯಲ್ಲಿ ಕಾರುಗಳ ವೈರಿಂಗ್ ಕೆಲಸ ಮಾಡಿದವನು. ಕೈ ಚುರುಕು. ಸಿಟ್ಟು ಅದಕ್ಕಿಂತ ಚುರುಕು.

ಆ ವರ್ಷ ಎಡಗಡೆ ಸೀಟಿನ ಫ್ಯೂಸ್ ಹೋಯಿತು. ಮಾರ್ತಾಂಡ ಬೇರೆ ಹಾಕಿದ. ಅದೂ ಹೋಯಿತು. ಮತ್ತೊಂದು ಹಾಕಿದ. ಸ್ವಿಚ್ ಒತ್ತುತ್ತಲೇ ಅದೂ ಸುಟ್ಟಿತು.

ಅವನು ಗಾಡಿಯ ಬಾಗಿಲಿಗೆ ಒದ್ದ. ಡಬ್ಬಿಯಲ್ಲಿ ಹುಡುಕಿ, ಹೆಚ್ಚು ಕರೆಂಟು ಹರಿದರೂ ಸುಡದ, ಆ ಜಾಗಕ್ಕೆ ಹಾಕಬಾರದಷ್ಟು ದೊಡ್ಡ ಫ್ಯೂಸೊಂದನ್ನು ತೆಗೆದು ಒತ್ತಿ ಕೂರಿಸಿದ.

ಸೀಟು ಬಿಸಿಯಾಯಿತು.

"ಈಗ ಹೋಗು ನೋಡೋಣ," ಎಂದ ಫ್ಯೂಸಿಗೆ.

ಮರುದಿನ ಕಾಳಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಕಾಳಪ್ಪ ಅಡುಗೆಮನೆಯ ಮಾಡಿಗೆ ಶೀಟು ಹೊದಿಸುವಾಗ ಬಿದ್ದು ಬೆನ್ನುಮೂಳೆ ಮುರಿದುಕೊಂಡವನು. ಸೊಂಟದಿಂದ ಕೆಳಗೆ ಮುಟ್ಟಿದ್ದು ತಿಳಿಯುತ್ತಿರಲಿಲ್ಲ.

ಮಾರ್ತಾಂಡನೇ ಅವನನ್ನು ಎತ್ತಿ ಎಡಗಡೆ ಸೀಟಿನಲ್ಲಿ ಕೂರಿಸಿದ. ಚಳಿಯಿದೆಯೆಂದು ಸ್ವಿಚ್ ಹಾಕಿದ. ದಾರಿಯುದ್ದಕ್ಕೂ ಕಾಳಪ್ಪ ಖುಷಿಯಾಗಿ ಮಾತಾಡುತ್ತಲೇ ಇದ್ದ.

ಆಸ್ಪತ್ರೆಯಲ್ಲಿ ಎತ್ತಿ ಇಳಿಸುವಾಗ ಪಂಚೆ ತೊಡೆಗೆ ಅಂಟಿಕೊಂಡಿತ್ತು. ಬಿಡಿಸಿದಾಗ ಚರ್ಮ ಅದರ ಜೊತೆಗೇ ಬಂತು.

ಸಂಜೆ ತಾಯಿ ಕಾರಿನ ಹತ್ತಿರ ಬಂದರು.

"ಫ್ಯೂಸ್ ಯಾಕೆ ಹೋಗ್ತಿತ್ತು?"

"ಹಳೇ ಗಾಡಿ, ತಾಯಿ."

"ಗಾಡಿಯ ವಯಸ್ಸು ಕೇಳಲಿಲ್ಲ."

ಮಾರ್ತಾಂಡನ ಮುಖ ಕೆಂಪಾಯಿತು. "ಸುಡ್ತಿದ್ರೆ ಒಂದು ಮಾತು ಹೇಳಬಹುದಿತ್ತಲ್ಲ ಅವನು? ಪಕ್ಕದಲ್ಲೇ ಇದ್ದೆ. ಕಿವುಡನಾ ನಾನು?"

ತಾಯಿ ಸ್ವಿಚ್ ಹಾಕಿದರು. "ಕೂತ್ಕೋ."

ಅವನು ಕೂತ. ಮೊದಲು ಹಿತವೆನಿಸಿತು. ಆಮೇಲೆ ಬಿಸಿ ಏರಿತು. ಇನ್ನೂ ಏರಿತು. ಎಡತೊಡೆಯ ಕೆಳಗೆ ಕೆಂಡ ಇಟ್ಟಂತಾಗಿ ಅವನು ಹೊರಗೆ ಹಾರಿದ.

"ಯಾಕೆ ಎದ್ದೆ?"

"ಸುಟ್ಟಿತು."

"ಕಾಳಪ್ಪ ಯಾಕೆ ಏಳಲಿಲ್ಲ?"

ತಾಯಿಯ ದನಿಯಲ್ಲಿ ಸಿಟ್ಟಿತ್ತು. ಅವರು ಹೀಗೆ ಮಾತಾಡಿದ್ದನ್ನು ಮಾರ್ತಾಂಡ ಎಂದೂ ಕೇಳಿರಲಿಲ್ಲ.

"ಸಿಟ್ಟು ಬಿಡಬೇಕು ಅಂತ ನೀವೇ ಹೇಳಿದ್ದು, ತಾಯಿ," ಎಂದ ಮೆಲ್ಲಗೆ.

"ಹೇಳಿದ್ದೆ. ಇವತ್ತು ಬಿಡೋದಿಲ್ಲ. ಸೀಟು ಬಿಚ್ಚು."

ಅವನು ಮೊದಲು ಆ ದೊಡ್ಡ ಫ್ಯೂಸನ್ನು ಕಿತ್ತ. ಬ್ಯಾಟರಿಯ ತಂತಿ ಕಳಚಿದ. ಸೀಟಿನ ಬೋಲ್ಟುಗಳು ತುಕ್ಕು ಹಿಡಿದಿದ್ದವು. ಬೆರಳ ಗೆಣ್ಣು ತರಚಿತು. ಬೈಗುಳ ಬಾಯಿಗೆ ಬಂತು. ತಾಯಿ ನಿಂತೇ ಇದ್ದರು, ನುಂಗಿಕೊಂಡ.

ಸೀಟನ್ನು ಹೊರಗೆ ತಂದು ಮಗುಚಿ ಹೊದಿಕೆ ಬಿಡಿಸಿದ. ಒಳಗೆ ಬಟ್ಟೆಯಂಥ ತೆಳು ಹಾಸು. ಅದರ ತುಂಬ ಹಾವಿನಂತೆ ಹರಿದ ಸಣ್ಣ ತಂತಿ. ಅದೇ ಕಾದು ಸೀಟನ್ನು ಬಿಸಿ ಮಾಡುವುದು.

ತಂತಿ ಕರೆಂಟನ್ನು ಎಷ್ಟು ತಡೆಯುತ್ತದೆಂದು ಮೀಟರ್ ಹಚ್ಚಿ ನೋಡಿದ. ಆಮೇಲೆ ಬಲಗಡೆ ಸೀಟಿಗೂ ಹಚ್ಚಿ ನೋಡಿದ. ಎರಡೂ ಒಂದೇ ಲೆಕ್ಕ ತೋರಿಸಬೇಕಿತ್ತು. ಎಡಗಡೆಯದು ಅರ್ಧಕ್ಕೆ ಇಳಿದಿತ್ತು.

ಅವನು ಹಾಸಿನ ಮೇಲೆ ಬೆರಳಾಡಿಸುತ್ತ ಹೋದ. ಎಡ ಅಂಚಿನಲ್ಲಿ ಬೆರಳು ನಿಂತಿತು. ಜನ ಕೂತು ಎದ್ದು ಮಾಡಿ ಹಾಸು ಅಲ್ಲಿ ಮಡಚಿಕೊಂಡಿತ್ತು. ತಂತಿಯ ಎರಡು ಎಳೆಗಳು ಮೇಲ್ಪದರ ಕರಗಿ, ಒಂದಕ್ಕೊಂದು ತಾಗಿ ಕಪ್ಪಾಗಿದ್ದವು. ಕರೆಂಟು ಉದ್ದ ದಾರಿ ಬಿಟ್ಟು ಅಡ್ಡದಾರಿ ಹಿಡಿದಿತ್ತು. ಬಿಸಿ ಮಿತಿಮೀರಿದಾಗ ತಾನೇ ಆರಿಸಬೇಕಾದ ಗುಂಡಿಯಂಥ ಥರ್ಮೋಸ್ಟಾಟೂ ಕೆಟ್ಟು ಅಂಟಿಕೊಂಡಿತ್ತು.

"ಇದಕ್ಕೇ ಫ್ಯೂಸ್ ಹೋಗ್ತಿತ್ತು," ಎಂದ. "ಮೊದಲನೇ ದಿನವೇ ಬಿಚ್ಚಿ ನೋಡಿದ್ದರೆ ಸಿಗ್ತಿತ್ತು."

ತಾಯಿ ಬಾಗಿ ಆ ಕಪ್ಪು ಕಲೆ ನೋಡಿದರು.

"ಟೇಪು ಸುತ್ತಿದರೆ ನಡೆಯುತ್ತೆ, ತಾಯಿ."

"ನಡೆಯುತ್ತಾ?"

ಅವನು ಟೇಪಿನ ಸುರುಳಿಯನ್ನು ಡಬ್ಬಿಗೆ ಹಾಕಿದ.

"ಇಲ್ಲ. ಹಾಸೇ ಬೇರೆ ಹಾಕಬೇಕು. ಊರಿಂದ ತರಿಸ್ತೀನಿ. ಅಲ್ಲಿವರೆಗೆ ಕಂಬಳಿ ಹಾಸೋಣ."

ಹಾಸು ಬಂತು. ಮಾರ್ತಾಂಡ ಅದನ್ನು ಎಲ್ಲೂ ಮಡಿಕೆ ಬೀಳದಂತೆ ಹರಡಿ ಕೂರಿಸಿದ. ಹೊಸ ಥರ್ಮೋಸ್ಟಾಟು ಹಾಕಿದ. ಫ್ಯೂಸು, ಗಾಡಿಗೆ ಮೊದಲಿಂದ ಇದ್ದ ಅಳತೆಯದೇ. ಸ್ವಿಚ್ ಹಾಕಿ, ಪಂಚೆ ಮೇಲಕ್ಕೆ ಸರಿಸಿ, ಬರಿ ತೊಡೆಯಲ್ಲೇ ಕೂತ. ಸೀಟು ಬಿಸಿಯಾಯಿತು, ತಾನೇ ಆರಿತು, ಮತ್ತೆ ಬಿಸಿಯಾಯಿತು. ಆಸ್ಪತ್ರೆಗೆ ಹೋಗಲು ಹಿಡಿಯುವಷ್ಟು ಹೊತ್ತು ಅಲ್ಲಿಂದ ಏಳಲಿಲ್ಲ.

ಬಳಿಕ ಕಾಳಪ್ಪನ ಕೋಣೆಗೆ ಹೋದ. ಆಸ್ಪತ್ರೆಯಿಂದ ಮರಳಿದ್ದ ಕಾಳಪ್ಪ ಬೋರಲಾಗಿ ಮಲಗಿದ್ದ.

"ಕಾಳಪ್ಪಣ್ಣ, ತಪ್ಪಾಯ್ತು. ಕ್ಷಮಿಸಿಬಿಡು."

ಕಾಳಪ್ಪ ತಲೆ ಎತ್ತಲಿಲ್ಲ. "ಏನಂದುಕೊಂಡಿದ್ದೆ ನಾನು, ಗೊತ್ತಾ? ನಮ್ಮ ಮಾರ್ತಾಂಡ ನನಗೋಸ್ಕರ ಸೀಟು ರಿಪೇರಿ ಮಾಡಿದಾನೆ ಅಂತ. ದಾರಿಯಲ್ಲಿ ನಿನ್ನನ್ನೇ ಹೊಗಳ್ತಾ ಕೂತಿದ್ದೆನಲ್ಲೋ! ನಿನ್ನ ಪಕ್ಕದಲ್ಲೇ ಬೆಂದೆ."

"ಈಗ ಸರಿ ಮಾಡಿದೀನಿ, ಅಣ್ಣಾ..."

"ಸೀಟು ಸರಿ ಮಾಡಿದೀಯ. ಹೋಗಾಚೆ!"

ಮಾರ್ತಾಂಡ ದಡದಡ ಹೆಜ್ಜೆ ಹಾಕುತ್ತ ನದಿಯ ದಂಡೆಗೆ ಬಂದ. ತಾಯಿ ಕಲ್ಲಿನ ಮೇಲೆ ಕೂತು ಹಳೆ ಬಟ್ಟೆಯನ್ನು ಪಟ್ಟಿಪಟ್ಟಿಯಾಗಿ ಹರಿಯುತ್ತಿದ್ದರು.

"ಕೈ ಮುಗಿದೆ, ತಾಯಿ. ತಪ್ಪಾಯ್ತು ಅಂದೆ. ನಾಯಿಗೆ ಅಂದಂಗೆ ಹೋಗಾಚೆ ಅಂದ. ಇನ್ನೇನು ಮಾಡಲಿ? ಕಾಲು ಹಿಡೀಲಾ?"

"ಗಾಯ ಒಣಗ್ತಾ ಇದೆಯಾ?"

ಮಾರ್ತಾಂಡ ಕಾಳಪ್ಪನ ಕೋಣೆಯ ಕಡೆ ತಿರುಗಿ ನೋಡಿದ.

"ನೋಡಲಿಲ್ಲ," ಎಂದ.

ತಾಯಿ ಪಟ್ಟಿಗಳನ್ನು ಮಡಚಿ, ಮುಲಾಮಿನ ಡಬ್ಬಿಯನ್ನು ಅದರ ಮೇಲಿಟ್ಟು, ಎರಡನ್ನೂ ಅವನ ಕೈಗೆ ಕೊಟ್ಟರು.

"ಹೋಗು. ಈ ಸಲ ಅವನಿಂದ ಏನೂ ಕೇಳಬೇಡ."