ನೆಲ್ಲಿಕಡವಿನ ಹೊಂಚುಕಟ್ಟೆ

ಹೊಳೆಯು ಸಮುದ್ರ ಸೇರುವ ಮುನ್ನ ಕೊನೆಯ ಸಲ ತಿರುಗುವ ಕಡೆ ನೆಲ್ಲಿಕಡವು ಎಂಬ ಊರಿದೆ. ದೋಣಿ ಇಳಿದು ಏರು ಹತ್ತಿದರೆ ಮೊದಲು ಸಿಗುವುದು ಗಾಣದ ಕೇರಿ. ಈಗ ಅಲ್ಲಿ ಗಾಣವಿಲ್ಲ. ಗಾಣದ ಕಲ್ಲೊಂದು ಅರ್ಧ ಮಣ್ಣಿನಲ್ಲಿ ಹೂತು ಬಿದ್ದಿದೆ, ಮಳೆಗಾಲದಲ್ಲಿ ಅದರ ಗುಳಿಯೊಳಗೆ ಕಪ್ಪೆಗಳು ಸಂಸಾರ ಹೂಡುತ್ತವೆ. ದಾರಿಯ ಒಂದು ಬದಿಗೆ ಮುದಿ ಹೊನ್ನೆಮರ, ಅದರ ಬುಡಕ್ಕೆ ಕಲ್ಲಿನ ಕಟ್ಟೆ. ಇನ್ನೊಂದು ಬದಿಗೆ ಗೋಡೆ ಬಿದ್ದ ಮನೆಯೊಂದರ ಅಂಗಳ, ಅದರ ನಡುವೆ ಒಬ್ಬರೇ ಕೂರುವಷ್ಟು ಅಗಲದ ಶಿಲೆಯ ಪೀಠ. ಹೊನ್ನೆಮರದ ಕಟ್ಟೆಗೆ ಹೊಂಚುಕಟ್ಟೆ ಎಂದು ಹೆಸರು. ಹಿಂದೆ ಕಳ್ಳರು ಇಲ್ಲಿ ಕೂತು ದಾರಿಹೋಕರಿಗೆ ಹೊಂಚು ಹಾಕುತ್ತಿದ್ದರು ಎಂದು ಪೇಟೆಯವರು ಹೇಳುವುದುಂಟು. ಊರ ಹಿರಿಯರು ಇದನ್ನು ಕೇಳಿ ನಗುತ್ತಾರೆ. ಹಾಡಹಗಲಲ್ಲಿ, ಎಲೆಯಡಕೆಯ ಸಂಚಿ ಬಿಚ್ಚಿಟ್ಟುಕೊಂಡು, ಹೋಗುವವರು ಬರುವವರೆಲ್ಲ ನಮಸ್ಕಾರ ಮಾಡುತ್ತಿರುವಾಗ ಯಾವ ಕಳ್ಳ ತಾನೇ ಹೊಂಚು ಹಾಕುತ್ತಾನೆ? ಇಲ್ಲಿ ಹೊಂಚು ಹಾಕಿದವನು ಕಳ್ಳನಲ್ಲ, ಊರ ಪಟೇಲ ಎನ್ನುತ್ತಾರೆ.

ಹಿಂದೆ ಒಮ್ಮೆ, ಘಟ್ಟದ ಮೇಲಿನ ಅರಸರಿಗೂ ಕಡಲಂಚಿನ ಕೋಟೆಯವರಿಗೂ ಸರಿಹೋಗದಿದ್ದ ಕಾಲದಲ್ಲಿ, ಈ ಕೇರಿಯಲ್ಲಿ ನಾಲ್ಕು ಮನೆ ಗಾಣಿಗರಿದ್ದರು. ಎಷ್ಟೋ ತಲೆಮಾರುಗಳ ಹಿಂದೆ ಬಡಗಣ ಕೊಂಕಣದಿಂದ ದೋಣಿಯಲ್ಲಿ ಬಂದವರು. ತಮ್ಮನ್ನು ಬೆನೆ ಇಸ್ರೇಲ್, ಅಂದರೆ ಇಸ್ರಾಯೇಲನ ಮಕ್ಕಳು, ಎಂದು ಕರೆದುಕೊಳ್ಳುತ್ತಿದ್ದರು. ಇಂದು ಯೆಹೂದಿಗಳು ಎಂದರೆ ಎಲ್ಲರಿಗೂ ತಿಳಿಯುತ್ತದೆ. ಊರಿಗೆ ಆಗ ಈ ಎರಡೂ ಹೆಸರು ಗೊತ್ತಿರಲಿಲ್ಲ. ಊರು ಅವರನ್ನು ಶನಿವಾರದ ಗಾಣಿಗರು ಎಂದು ಕರೆಯುತ್ತಿತ್ತು, ಏಕೆಂದರೆ ಶನಿವಾರ ಅವರ ಗಾಣ ತಿರುಗುತ್ತಿರಲಿಲ್ಲ, ಎತ್ತಿನ ಹೆಗಲಿಗೆ ನೊಗ ಏರುತ್ತಿರಲಿಲ್ಲ, ಒಲೆಗೆ ಬೆಂಕಿಯೂ ಬೀಳುತ್ತಿರಲಿಲ್ಲ. ಶನಿದೇವರಿಗೆ ನಡೆದುಕೊಳ್ಳುವವರಿರಬೇಕು ಎಂದು ಊರು ತನ್ನಷ್ಟಕ್ಕೆ ತಾನೇ ತೀರ್ಮಾನಿಸಿಬಿಟ್ಟಿತ್ತು. ಶನಿವಾರ ಎಣ್ಣೆಯನ್ನು ಮನೆಗೆ ತರಬಾರದೆಂಬ ನಂಬಿಕೆ ಊರಿನವರಿಗೂ ಇದ್ದುದರಿಂದ ಮಾರುವವರ ನೇಮವೂ ಕೊಳ್ಳುವವರ ನೇಮವೂ ಒಂದಕ್ಕೊಂದು ತಗಲದೆ ನಡೆದುಹೋಗಿತ್ತು.

ಆಗಿನ ಪಟೇಲ ಹಮ್ಮಣ್ಣ ನಾಯಕ. ಏಳು ತಲೆಮಾರಿನಿಂದ ಪಟೇಲಿಕೆ ಅವನ ಮನೆಯಲ್ಲಿತ್ತು. ಒಳ್ಳೆಯ ಮನುಷ್ಯ, ಕೈ ಶುದ್ಧ, ಆದರೆ ಹುಟ್ಟಿನಿಂದಲೇ ಗುಮಾನಿಯವ. ತೊಟ್ಟಿಲಲ್ಲಿದ್ದಾಗಲೂ ಒಂದು ಕಣ್ಣು ತೆರೆದುಕೊಂಡೇ ಮಲಗುತ್ತಿದ್ದನೆಂದು ಅವನ ತಾಯಿಯೇ ಹೇಳಿದ್ದಳಂತೆ. ಇಂಥವನ ಕಿವಿಗೆ ಒಂದು ದಿನ ಕೋಟೆಯ ಠಾಣೇದಾರನ ಕಟ್ಟಪ್ಪಣೆ ಬಂದು ಬಿತ್ತು. ಕೋಟೆಯ ಮದ್ದಿನ ಮನೆಗೆ ಬೆಂಕಿಯಿಟ್ಟವನೊಬ್ಬ ವೇಷ ಮರೆಸಿಕೊಂಡು ಹೊಳೆಸಾಲಿನಲ್ಲೇ ಎಲ್ಲೋ ಅಡಗಿದ್ದಾನೆ. ಅವನಿಗೆ ಅನ್ನ ಹಾಕಿದವರ ಮನೆ ಕೆಡವಿ ಅವರನ್ನು ಸೀಮೆಯಿಂದಾಚೆ ಅಟ್ಟಲಾಗುವುದು. ತನ್ನ ಊರಿನಲ್ಲಿ ಅವನಿದ್ದೂ ತಿಳಿಯದ ಪಟೇಲನ ಪಟೇಲಿಕೆ ಹೋಗುವುದು. ಹಮ್ಮಣ್ಣನಿಗೆ ಆ ರಾತ್ರಿ ಊಟ ಸೇರಲಿಲ್ಲ. ಮನಸ್ಸಿನಲ್ಲೇ ಊರಿನ ಒಂದೊಂದು ಮನೆಯ ಬಾಗಿಲನ್ನೂ ತಟ್ಟಿ ನೋಡಿದ. ಕಡೆಗೆ ಅವನ ಗುಮಾನಿ ಗಾಣದ ಕೇರಿಯಲ್ಲಿ ಬಂದು ನಿಂತಿತು.

ನಿಲ್ಲಲು ಕಾರಣಗಳಿಗೆ ಬರವಿರಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಹೊಳೆಯ ಬಾಯಿಯಲ್ಲೇ ಬದುಕುವ ಈ ಜನ ಸೀಗಡಿ ತಿನ್ನುವುದಿಲ್ಲ, ಚಿಪ್ಪಿನೊಳಗಿನ ಬೆಳಚು ಮುಟ್ಟುವುದಿಲ್ಲ, ಮೀನು ಕೊಳ್ಳುವಾಗ ಹುರುಪೆ ಇದೆಯೇ ಎಂದು ಉಗುರಿನಿಂದ ಕೆರೆದು ನೋಡುತ್ತಾರೆ; ಸೀಗಡಿ ಬೇಡವೆನ್ನುವ ಮನುಷ್ಯನನ್ನು ಯಾವ ಧೈರ್ಯದ ಮೇಲೆ ನಂಬುವುದು? ದಿನಕ್ಕೆ ಮೂರು ಸಲ ಪಡುವಣಕ್ಕೆ, ಸಮುದ್ರದ ಕಡೆಗೆ ಮುಖ ಮಾಡಿ ನಿಂತು ಬಾಗುತ್ತಾರೆ. ಅದು ಪ್ರಾರ್ಥನೆಯೋ, ಯಾವುದೋ ಹಡಗಿಗೆ ಮಾಡುವ ಸನ್ನೆಯೋ? ಎಲ್ಲಕ್ಕಿಂತ ಮಿಗಿಲಾಗಿ ಅಂಗಳದ ಆ ಪೀಠ. ಹಿರಿಯ ಗಾಣಿಗ ಇಸಾಜಿಯ ಮನೆಯವರು ಪ್ರತಿ ಶುಕ್ರವಾರ ಹೊತ್ತು ಇಳಿಯುವ ಮೊದಲು ಅದನ್ನು ತೊಳೆದು, ಬೆಲ್ಲ, ಕಾಯಿತುರಿ, ಏಲಕ್ಕಿ ಕಲಸಿದ ಅವಲಕ್ಕಿಯ ತಟ್ಟೆಯೊಂದನ್ನು ಬಾಳೆಲೆ ಮುಚ್ಚಿ ಪಕ್ಕದಲ್ಲಿಡುತ್ತಾರೆ. ಆ ಅವಲಕ್ಕಿಗೆ ಮಲಿದಾ ಎಂದು ಅವರ ಮಾತು. ಪೀಠದ ಮೇಲೆ ಮಾತ್ರ ಯಾರೂ ಕೂರುವುದಿಲ್ಲ, ಮಕ್ಕಳನ್ನೂ ಕೂರಿಸುವುದಿಲ್ಲ. ಹಮ್ಮಣ್ಣ ಒಂದು ಬೆಳಿಗ್ಗೆ ಗಾಣದ ಬಳಿ ಹೋಗಿ ನೇರವಾಗಿಯೇ ಕೇಳಿದ.

“ಇಸಾಜಿ, ಆ ಕಲ್ಲು ಯಾರಿಗೋ?”

“ಬರೋರಿಗೆ, ನಾಯಕರೆ,” ಎಂದ ಇಸಾಜಿ, ಎತ್ತನ್ನು ನಿಲ್ಲಿಸಿ.

“ಯಾರು ಬರೋರು?”

“ಎಲಿಯಾಹು ನಬಿ ಅಂತ. ನಮ್ಮ ಹಿರಿಯರು ಕಡಲಲ್ಲಿ ಮುಳುಗ್ತಾ ಇದ್ದಾಗ ದಡ ಸೇರಿಸಿದವ್ರು. ಎಂದು ಬತ್ರು ಅಂತ ಗೊತ್ತಿಲ್ಲ. ಬಂದ್ರೂ ಅವ್ರ ವೇಷದಲ್ಲಿ ಬರೂದಿಲ್ಲ. ಬೇಡೋನ ಹಾಂಗೂ ಬಂದಾರು, ದಾರಿ ತಪ್ಪಿದವ್ನ ಹಾಂಗೂ ಬಂದಾರು.”

ಇಸಾಜಿ ಹೇಳಿದ್ದು ತನ್ನ ಅಜ್ಜ ಮುತ್ತಜ್ಜರಿಂದ ಕೇಳಿ ನಂಬಿದ ಮಾತನ್ನು, ಒಂದಕ್ಷರವೂ ಹೆಚ್ಚು ಕಡಿಮೆಯಿಲ್ಲದೆ. ಅವರ ಪ್ರವಾದಿ ಸಾವನ್ನೇ ಕಾಣದೆ ಆಕಾಶಕ್ಕೆ ಏರಿಹೋದವನು, ಒಂದು ದಿನ ಮರಳಿ ಬರುವವನು. ಆದರೆ ಹಮ್ಮಣ್ಣ ಕೇಳಿಸಿಕೊಂಡದ್ದು ಇಷ್ಟೆ: ಒಬ್ಬ ಬರುತ್ತಾನೆ, ವೇಷ ಮರೆಸಿಕೊಂಡು ಬರುತ್ತಾನೆ, ಅವನಿಗೆ ಈ ಮನೆಯಲ್ಲಿ ಆಸನವೂ ಅನ್ನವೂ ಕಾದಿವೆ. ಅಂದೇ ಸಂಜೆ ನಾಲ್ಕು ಆಳುಗಳನ್ನು ಕರೆಸಿ, ದಾರಿಹೋಕರ ದಣಿವಾರಲಿ ಎಂಬ ನೆಪ ಹೇಳಿ, ಇಸಾಜಿಯ ಅಂಗಳಕ್ಕೆ ಎದುರಾಗಿ ಹೊನ್ನೆಮರದ ಬುಡಕ್ಕೆ ಕಟ್ಟೆ ಕಟ್ಟಿಸಿದ. ಮಾರನೆಯ ದಿನದಿಂದ ಅಲ್ಲಿ ಕೂತ ಮೊದಲ ದಾರಿಹೋಕ ಅವನೇ.

ಆರು ವಾರ ಕೂತನಂತೆ. ಹೊಂಚು ಹಾಕುವುದು ಗುಟ್ಟಿನ ಕೆಲಸವೆಂದು ಅವನು ತಿಳಿದಿದ್ದ. ಊರಲ್ಲಿ ಅದು ಗೊತ್ತಿಲ್ಲದವರು ಯಾರೂ ಇರಲಿಲ್ಲ. ಹೆಂಗಸರು ನೀರಿಗೆ ಹೋಗುವಾಗ “ನಾಯಕರೆ, ಇಂದು ಯಾರಾದ್ರೂ ಬಂದ್ರಾ?” ಎಂದು ಕೇಳಿ ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದರು. ಅವನು ನಗಲಿಲ್ಲ. ಶನಿವಾರ ಆ ಮನೆಯ ಮಾಡಿನಿಂದ ಹೊಗೆ ಏಳದಿದ್ದುದನ್ನು, ಆದರೂ ಎಲ್ಲರೂ ಉಂಡು ಕೈ ತೊಳೆದದ್ದನ್ನು ಗುರುತು ಹಾಕಿಕೊಂಡ. ಮೊದಲ ಶನಿವಾರ ಇಸಾಜಿಯ ತಾಯಿ ರಾಹೆಲಾಯಿ, ಎಂಬತ್ತು ದಾಟಿದ ಮುದುಕಿ, ಪೀಠದ ಬಳಿಯ ತಟ್ಟೆಯನ್ನು ಎತ್ತಿಕೊಂಡು ದಾರಿ ದಾಟಿ ಬಂದಳು. ಯಾರೂ ಬರದಿದ್ದರೆ ಬಾಗಿಲಿಗೆ ಹತ್ತಿರವಿದ್ದ ಹೊರಗಿನವರಿಗೆ ಆ ಪಾಲು ಸಲ್ಲಬೇಕೆಂಬುದು ಆ ಮನೆಯ ನೇಮ.

“ತಿನ್ನು ತಮಾ,” ಎಂದಳು. “ನೀನೂ ಕಾಯ್ತಿದ್ದೆ, ನಾವೂ ಕಾಯ್ತಿದ್ದೇವೆ. ಕಾಯೋರಿಗೆ ಹಸಿವಾಗ್ತದೆ.”

ಹಮ್ಮಣ್ಣ ತಟ್ಟೆ ತೆಗೆದುಕೊಂಡ. ಮುದುಕಿ ಬೆನ್ನು ತಿರುಗಿಸಿದ ಕೂಡಲೇ ಅಷ್ಟನ್ನೂ ಮರದ ಹಿಂದೆ ಕಾಗೆಗಳಿಗೆ ಸುರಿದ. ಏನು ಬೆರೆಸಿದ್ದಾಳೋ ಯಾರಿಗೆ ಗೊತ್ತು? ಕಾಗೆಗಳು ಸಾಯಲಿಲ್ಲ. ನಿಧಾನವಾಗಿ ಏರುವ ವಿಷವಿರಬೇಕು ಎಂದುಕೊಂಡ. ಎರಡನೆಯ ವಾರ ಕಾಗೆಗಳು ಮೊದಲೇ ಬಂದು ಕಾದು ಕೂತಿದ್ದವು. ಹೀಗೆ ಐದು ಶನಿವಾರ ತಟ್ಟೆ ಬಂತು, ಐದು ಶನಿವಾರ ಕಾಗೆಗಳು ಹಬ್ಬ ಮಾಡಿದವು, ಖಾಲಿ ತಟ್ಟೆಯನ್ನು ನೋಡಿ ರಾಹೆಲಾಯಿ ಸಂತೋಷಪಟ್ಟಳು. ಅವಳ ಆ ಸಂತೋಷವನ್ನು ಕಂಡಾಗ ಹಮ್ಮಣ್ಣನಿಗೆ ಎದೆಯೊಳಗೆ ಚುಚ್ಚಿದಂತಾಗುತ್ತಿತ್ತು. ಆದರೆ ಚುಚ್ಚಿತೆಂದು ಗುಮಾನಿ ಬಿಟ್ಟರೆ ಪಟೇಲಿಕೆ ನಡೆಯುವುದು ಹೇಗೆ? ಐದನೆಯ ವಾರ ಕಳೆದ ಮೇಲೆ ಅವನು ಕೋಟೆಗೆ ಹೇಳಿಕಳಿಸಿದ: ಇಲ್ಲೊಂದು ಮನೆಯವರು ಯಾರಿಗೋ ಕಾಯುತ್ತಿದ್ದಾರೆ.

ಆರನೆಯ ಶನಿವಾರ ಬೆಳಿಗ್ಗೆ ಠಾಣೇದಾರ ಹತ್ತು ಜನ ಸಿಪಾಯಿಗಳೊಡನೆ ದೋಣಿ ಇಳಿದ. ಸಿಪಾಯಿಗಳು ನಾಲ್ಕೂ ಮನೆಗಳನ್ನು ಜಾಲಾಡಿದರು. ಅಟ್ಟ ಹತ್ತಿದರು, ಎಣ್ಣೆಯ ಗುಡಾಣಗಳೊಳಗೆ ಕೋಲು ಆಡಿಸಿದರು, ತಣ್ಣಗಿದ್ದ ಒಲೆಯ ಬೂದಿಯನ್ನೂ ಕೆದಕಿದರು. ಬೆಟ್ಟ ಅಗೆದರೂ ಇಲಿ ಸಹ ಸಿಗಲಿಲ್ಲ. ಠಾಣೇದಾರ ಅಂಗಳದಲ್ಲಿ ನಿಂತು ಪೀಠವನ್ನೂ ಮುಚ್ಚಿಟ್ಟ ತಟ್ಟೆಯನ್ನೂ ನೋಡಿದ. ಆಮೇಲೆ ಸುತ್ತಿಗೆ ತರಿಸಿ ಇಸಾಜಿಯ ಕಾಲ ಬಳಿ ಹಾಕಿಸಿದ. ಯಾರೂ ಬರುವುದಿಲ್ಲವೆಂದು ಊರವರ ಎದುರು ಒಂದು ಮಾತು ಹೇಳು, ಈ ಕಲ್ಲನ್ನು ನಿನ್ನ ಕೈಯಿಂದಲೇ ಒಡೆ, ನಾನು ಬಂದ ದಾರಿಯಲ್ಲೇ ಹೋಗುತ್ತೇನೆ. ಇಲ್ಲವಾದರೆ ಹೊತ್ತು ನೆತ್ತಿಗೇರುವುದರೊಳಗೆ ನಾಲ್ಕೂ ಮನೆ ನೆಲಸಮ ಎಂದ.

ಬೇರೆ ಯಾರಾದರೂ ಆಗಿದ್ದರೆ ಹೇಳಿಬಿಡುತ್ತಿದ್ದರು. ಒಂದು ಸುಳ್ಳಿಗೆ ನಾಲ್ಕು ಮನೆ ಉಳಿದರೆ ಅಗ್ಗವೇ ಅಲ್ಲವೇ? ನೆರೆದಿದ್ದ ಊರವರೂ “ಹೇಳು ಮಾರಾಯ, ಬಾಯಿಮಾತು” ಎಂದರು. ಇಸಾಜಿ ಸುತ್ತಿಗೆಯನ್ನು ನೋಡಿದ. ಶನಿವಾರ ಅವನು ಸೌದೆ ಸೀಳಲೂ ಕೊಡಲಿ ಎತ್ತಿದವನಲ್ಲ.

“ಬರೂದಿಲ್ಲ ಅಂತ ನಾ ಹೆಂಗೆ ಹೇಳಲಿ, ಒಡೆಯಾ?” ಎಂದ ಕಡೆಗೆ. “ಅವ್ರು ಬಂದೇ ಬತ್ರು.”

ಠಾಣೇದಾರ ಸಿಪಾಯಿಗಳಿಗೆ ಸನ್ನೆ ಮಾಡುವ ಮೊದಲು, ಕಾನೂನಿಗೊಂದು ಸಾಕ್ಷಿ ಇರಲೆಂದು ಹಮ್ಮಣ್ಣನ ಕಡೆಗೆ ತಿರುಗಿದ. ಆರು ವಾರ ಕಾದಿದ್ದೀಯಲ್ಲ ಪಟೇಲ, ಈ ಮನೆಗೆ ಬಂದುಹೋದವರು ಯಾರು, ಪ್ರಮಾಣ ಮಾಡಿ ಹೇಳು ಎಂದ. ಈ ಜನ ನಿರಪರಾಧಿಗಳೆಂಬ ನಂಬಿಕೆ ಆ ಗಳಿಗೆಯಲ್ಲೂ ಹಮ್ಮಣ್ಣನಿಗೆ ಪೂರ್ತಿ ಬಂದಿರಲಿಲ್ಲ. ಬಚ್ಚಿಟ್ಟವರು ಇವರೇ ಆಗಿದ್ದು, ಬೆಂಕಿಯಿಟ್ಟವನು ನಾಳೆ ಇಲ್ಲೇ ಸಿಕ್ಕರೆ, ಏಳು ತಲೆಮಾರಿನ ಪಟೇಲಿಕೆ ಮಣ್ಣುಪಾಲು. ಆದರೆ ಪ್ರಮಾಣವೆಂದ ಮೇಲೆ ಕಂಡದ್ದನ್ನು ಹೇಳಬೇಕು. ಕಂಡದ್ದನ್ನು ಒಂದೊಂದಾಗಿ ನೆನೆದುಕೊಂಡ. ಆರು ವಾರದಲ್ಲಿ ಆ ಮನೆಯ ಎದುರಿಗೆ ದಿನವೂ ಬಂದವನು, ಬಂದ ಕಾರಣವನ್ನು ಮರೆಸಿಟ್ಟವನು, ಆ ಮನೆಯ ತಟ್ಟೆಗೆ ಕೈಯೊಡ್ಡಿದವನು ಒಬ್ಬನೇ ಇದ್ದ.

“ನಾನು,” ಎಂದ ಹಮ್ಮಣ್ಣ. “ನಾನು ಬಿಟ್ಟು ಯಾರೂ ಬರ್ಲಿಲ್ಲ.”

“ಹಾಗಾದರೆ ಈ ತಟ್ಟೆ ಯಾರದು?”

“ನಂದೇ. ಪ್ರತಿ ಶನಿವಾರ ಆಯಿ ನಂಗೇ ತಂದು ಕೊಡೂದು.”

ಠಾಣೇದಾರನೂ ಗುಮಾನಿಯಲ್ಲಿ ಕಡಿಮೆಯವನಲ್ಲ. ನಿನ್ನದಾದರೆ ಆ ಪೀಠದ ಮೇಲೆ ಕೂತು ಈಗಲೇ ತಿಂದು ತೋರಿಸು ಎಂದ. ಇಸಾಜಿಯ ಮುಖ ಬಿಳುಚಿತು. ಹಮ್ಮಣ್ಣ ಅದನ್ನು ನೋಡಿದ. ರಾಹೆಲಾಯಿ ತಟ್ಟೆ ಎತ್ತಿಕೊಂಡು ಬರುತ್ತಿದ್ದುದನ್ನೂ ನೋಡಿದ. “ನನ್ನ ಜಾಗ ಅದಲ್ಲ,” ಎಂದು ಹೇಳಿ ದಾರಿ ದಾಟಿ ತನ್ನ ಕಟ್ಟೆಯ ಮೇಲೆ ಹೋಗಿ ಕೂತ. “ಆರು ವಾರದಿಂದ ನನ್ನ ಜಾಗ ಇದು. ಊರೇ ಕಂಡಿದೆ.” ಊರು ಹೌದೆಂದಿತು. ಮುದುಕಿ ತಟ್ಟೆಯನ್ನು ಅವನ ಮಡಿಲಲ್ಲಿಟ್ಟಳು. ಹೊನ್ನೆಮರದ ಮೇಲೆ ಕಾಗೆಗಳು ಆಗಲೇ ಬಂದು ಕೂತಿದ್ದವು. ಹಮ್ಮಣ್ಣ ಮೊದಲ ತುತ್ತನ್ನು ಬಾಯಿಗಿಡುವಾಗ ಮನೆದೇವರನ್ನು ನೆನೆದನಂತೆ, ಕಣ್ಣು ಮುಚ್ಚಿದನಂತೆ. ನುಂಗಿದ. ಸ್ವಲ್ಪ ಹೊತ್ತು ಕಾದ. ಇನ್ನೂ ಬದುಕಿದ್ದೇನೆ ಎಂದು ಖಾತ್ರಿಯಾದ ಮೇಲೆ ಎರಡನೆಯ ತುತ್ತಿಟ್ಟ. ಎರಡನೆಯದಕ್ಕೆ ಏಲಕ್ಕಿಯ ರುಚಿ ತಿಳಿಯಿತು. ಐದು ವಾರ ತಾನು ಎಂಥ ವಸ್ತುವನ್ನು ಕಾಗೆಗಳಿಗೆ ಸುರಿದೆನೆಂಬುದೂ ತಿಳಿಯಿತು. ತಟ್ಟೆ ಬರಿದಾಗುವ ಹೊತ್ತಿಗೆ ಅವನ ಕಣ್ಣಿನಿಂದ ನೀರು ಹರಿಯುತ್ತಿತ್ತು. ಠಾಣೇದಾರ ಅದನ್ನು ನೋಡಿ, ಈ ಊರೇ ಸರಿಯಿಲ್ಲ ಎಂದು ಗೊಣಗಿ, ಉಬ್ಬರದ ನೀರು ಇಳಿಯುವ ಮುನ್ನ ದೋಣಿ ಹತ್ತಿದ. ಮದ್ದಿನ ಮನೆ ಸುಟ್ಟವನು ಮುಂದೆ ಎಲ್ಲಾದರೂ ಸಿಕ್ಕಿದನೋ ಇಲ್ಲವೋ, ಊರಿನಲ್ಲಿ ಯಾರಿಗೂ ನೆನಪಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಕಟ್ಟೆಗೆ ಬೇರೆ ಯಾವುದಾದರೂ ಹೆಸರು ಬರುತ್ತಿತ್ತೇನೋ. ಆದರೆ ಮರುದಿನ ಬೆಳಿಗ್ಗೆ ಹಮ್ಮಣ್ಣ ಎಂದಿನಂತೆ ಎಲೆಯಡಕೆಯ ಸಂಚಿಯೊಡನೆ ಬಂದು ಅಲ್ಲೇ ಕೂತ. ಇಸಾಜಿಗೆ ಆಶ್ಚರ್ಯವಾಯಿತು. ಇನ್ನೂ ನಮ್ಮ ಮೇಲೆ ನಂಬಿಕೆ ಬರಲಿಲ್ಲವೇ ನಾಯಕರೆ ಎಂದು ಕೇಳಿದ.

“ಗುಮಾನಿ ನಿನ್ನ ಮೇಲಲ್ಲ ಮಾರಾಯ,” ಎಂದ ಹಮ್ಮಣ್ಣ, ದಾರಿಯ ತಿರುವಿನಿಂದ ಕಣ್ಣು ತೆಗೆಯದೆ. “ಮನೆ ಬಿದ್ರೂ ಬರೂದಿಲ್ಲ ಅನ್ನಲಿಲ್ಲ ನೀನು. ಅಂದ್ಮೇಲೆ ಅಂವ ಬರೂದು ಖರೆ. ವೇಷ ಮರೆಸ್ಕಂಡು ಬರೋನು, ನನ್ನ ಕಣ್ಣು ತಪ್ಪಿಸಿ ಊರೊಳಗೆ ಹೊಕ್ಕರೆ? ನಾನು ಪಟೇಲ ಅಲ್ದಾ?”

ಸಾಯುವ ತನಕ ಕೂತನೆನ್ನುತ್ತಾರೆ. ದಾರಿಯಲ್ಲಿ ಬಂದ ಪ್ರತಿಯೊಬ್ಬ ಭಿಕ್ಷುಕನನ್ನೂ ಬೈರಾಗಿಯನ್ನೂ ನಿಲ್ಲಿಸಿ, ಹೆಸರು ಕೇಳಿ, ಮುಖವನ್ನು ಎರಡೆರಡು ಸಲ ನೋಡಿ, ಖಾತ್ರಿಯಾಗದೆ, ಯಾವುದಕ್ಕೂ ಇರಲಿ ಎಂದು ಅವಲಕ್ಕಿ ಕೊಡಿಸಿ ಕಳಿಸುತ್ತಿದ್ದ. ಶನಿವಾರ ತನ್ನ ಪಾಲಿನಲ್ಲಿ ಕಾಗೆಗಳಿಗೆ ಒಂದು ಅಗುಳನ್ನೂ ಬಿಡಲಿಲ್ಲ.

ಗಾಣಿಗರ ಮನೆಗಳವರು ಕೆಲವು ತಲೆಮಾರು ಕಳೆದು ಮುಂಬಯಿಗೆ ಹೋದರು, ಅಲ್ಲಿಂದ ಅವರ ಮಕ್ಕಳು ಸಮುದ್ರದಾಚೆ ತಮ್ಮ ಹಿರಿಯರ ನಾಡಿಗೆ ಹೋದರು. ಕೊನೆಯ ಮನೆಯವರು ಹೊರಟ ಶುಕ್ರವಾರ ಪೀಠವನ್ನು ತೊಳೆದು, ಕಟ್ಟೆಯ ಮೇಲೆ ಕೂತಿದ್ದವರಿಗೆ “ನೋಡ್ಕಳ್ಳಿ” ಎಂದಷ್ಟೇ ಹೇಳಿ ದೋಣಿ ಹತ್ತಿದರಂತೆ. ಊರು ನೋಡಿಕೊಳ್ಳುತ್ತಿದೆ. ಇಂದು ಹೋದವರಿಗೂ ಕಾಣುವುದು ಅದೇ: ಆಚೆಯ ಪೀಠದ ಮೇಲೆ ಉಳಿಯ ಗೆರೆಗಳು ಕಡೆದ ದಿನ ಹೇಗಿದ್ದವೋ ಹಾಗೆಯೇ ಒರಟಾಗಿವೆ, ಈಚೆಯ ಕಟ್ಟೆ ಕೂತು ಕೂತು ನಡುವೆ ತಗ್ಗಾಗಿ ನುಣುಪಾಗಿದೆ. ಹೊಸಬರು ತಿಳಿಯದೆ ಪೀಠದ ಕಡೆ ಹೋದರೆ, ಅಲ್ಲಿ ಬೇಡ, ಇಲ್ಲಿ ಕೂರಿ ಎಂದು ಯಾರಾದರೂ ಕರೆಯುತ್ತಾರೆ. ಯಾರು, ಎಲ್ಲಿಂದ, ಏನು ಕೆಲಸ ಎಂದು ಕೇಳುತ್ತಾರೆ. ಉತ್ತರ ಕೇಳಿ ಇನ್ನೊಮ್ಮೆ ಅದನ್ನೇ ಕೇಳುತ್ತಾರೆ. ಹತ್ತಿರದ ಯಾವುದೋ ಮನೆಯಿಂದ ಎಲೆಯಲ್ಲಿ ಬೆಲ್ಲದವಲಕ್ಕಿ ಬರುತ್ತದೆ, ತಿನ್ನುವ ತನಕ ಮುಖವನ್ನೇ ನೋಡುತ್ತಾರೆ. ಬಂದವನು ಎದ್ದು ಹೋಗಿ ತಿರುವಿನಲ್ಲಿ ಮರೆಯಾದ ಮೇಲೆ, “ಅಂವ ಅಲ್ಲ” ಎಂದು ಒಬ್ಬರು ಹೇಳುತ್ತಾರೆ. “ಅಲ್ಲ ಅಂತ ಹೆಂಗೆ ಹೇಳ್ತೆ?” ಎಂದು ಇನ್ನೊಬ್ಬರು ಕೇಳುತ್ತಾರೆ.