ಹೊನ್ನಲದೇವಿಯ ಕಣ್ಣೊಳಗಿನ ಉರಿ

“ಕೇಳಿರಪ್ಪೋ ಕೇಳಿ! ದೊರೆಮಗಳು ಹೊನ್ನಲದೇವಿ ಮೂರು ಒಗಟು ಇಡುತ್ತಾಳೆ. ಬಿಡಿಸಿದವನಿಗೆ ಅವಳ ಕೈಯೂ ಉಂಟು, ಅರ್ಧ ರಾಜ್ಯವೂ ಉಂಟು. ತಪ್ಪಿದವನಿಗೆ ತಲೆದಂಡ!”

ಡಂಗುರ ಅರಮನೆಯೊಳಗಿದ್ದ ಹೊನ್ನಲದೇವಿಗೂ ಕೇಳಿಸಿತು. ತಲೆದಂಡದ ಮಾತು ಅಪ್ಪ ಸೇರಿಸಿದ್ದು. ಅವಳಿಗೆ ಬೇಕಾಗಿದ್ದು ತನ್ನ ಕಣ್ಣೊಳಗೆ ಏನಾಗುತ್ತಿದೆ ಎಂದು ತಿಳಿಸಬಲ್ಲ ಒಬ್ಬ ಮನುಷ್ಯ, ಅಷ್ಟೆ. ಒಗಟು ಕಟ್ಟಿದ್ದೂ ಅದಕ್ಕೇ. ಕಣ್ಣು ಕೆಂಪೇರಿ ನೋಟ ಮಂಜಾಗುತ್ತಿತ್ತು. ಅರಮನೆಯ ಇಬ್ಬರು ವೈದ್ಯರಲ್ಲಿ ಒಬ್ಬರು ಉರಿ ಇಳಿದಿದೆ ಎಂದರೆ ಇನ್ನೊಬ್ಬರು ಏರಿದೆ ಎನ್ನುತ್ತಿದ್ದರು. ಮದ್ದು ಮತ್ತೆ ಮತ್ತೆ ಬದಲಾಗುತ್ತಿತ್ತು.

ಮೊದಲು ಪಡುವಣ ನಾಡಿನ ರಾಜಕುಮಾರ ಬಂದ.

“ನೀರಿನೊಳಗೇ ಹೊತ್ತಿಕೊಂಡು ಹೊಗೆಯಿಲ್ಲದೆ ಉರಿಯುವ ಬೆಂಕಿ ಯಾವುದು?” ಎಂದು ಕೇಳಿದಳು.

“ವಿರಹ!” ಎಂದು ಅವನು ಮೀಸೆ ತಿರುವಿದ. ಭಟರು ಅವನನ್ನು ಸೆರೆಮನೆಗೆ ಎಳೆದೊಯ್ದರು. ಮೂಡಣ ನಾಡಿನ ರಾಜಕುಮಾರ “ಕೊಳದಲ್ಲಿ ಬಿದ್ದ ಸೂರ್ಯ” ಎಂದ. ಅವನಿಗೂ ಅದೇ ಗತಿ. ಬರುವ ಹುಣ್ಣಿಮೆಗೆ ಇಬ್ಬರ ತಲೆಯೂ ಹೋಗುವುದಿತ್ತು.

ಆಮೇಲೆ ಮರದ ಪೆಟ್ಟಿಗೆ ಹೊತ್ತು ಹರಳು ತೇದು ಮಸೂರ ಮಾಡುವ ಸೋವಣ್ಣ ಬಂದ. ಸಭೆ ನಕ್ಕಿತು.

“ಅಮ್ಮಣ್ಣಿಯವರೇ, ಆ ನೀರು ಕಣ್ಣೊಳಗಿನದು, ಬೆಂಕಿ ಅಲ್ಲಿನ ಉರಿಯೂತ. ನಮ್ಮವ್ವನ ಕಣ್ಣು ಹೋಗಿದ್ದೂ ಅದರಿಂದಲೇ” ಎಂದ.

ಹೊನ್ನಲದೇವಿ ಮುಂದಕ್ಕೆ ಬಾಗಿದಳು. “ಕದ ತೆರೆಯದೆ, ಗೋಡೆ ಒಡೆಯದೆ ಮನೆಯೊಳಗೆ ಹೊಕ್ಕು ಅಲ್ಲಿನ ಧೂಳನ್ನು ತೋರಿಸುವವರು ಯಾರು?”

“ಬೆಳಕು. ಬಿಸಿಲುಕೋಲಿನಲ್ಲಿ ಧೂಳು ಕಾಣುವುದಿಲ್ಲವೇ? ಹಾಗೆಯೇ ಸಣ್ಣ ಬೆಳಕಿನ ಕೋಲು ಕಣ್ಣೊಳಗೆ ಹೊಕ್ಕರೆ ಉರಿಯೂತದ ಕಣಗಳು ಹೊಳೆಯುತ್ತವೆ.”

“ಇಬ್ಬರು ಜಗಳವಾಡುವಾಗ ಯಾರ ಪಕ್ಷವನ್ನೂ ಹಿಡಿಯದೆ ನಿಜ ಹೇಳುವುದು ಯಾವುದು?” ಎಂದು ಅವಳು ಕೊನೆಯ ಒಗಟು ಇಟ್ಟಳು.

“ಅಳತೆ” ಎಂದು ಸೋವಣ್ಣ ಪೆಟ್ಟಿಗೆ ತೆರೆದು, ಅದರಿಂದ ಸಣ್ಣ ಬೆಳಕಿನ ಕೋಲನ್ನು ಅವಳ ಕಣ್ಣಿಗೆ ಹಾಯಿಸಿದ. ಅವಳ ಕಣ್ಣೊಳಗಿನ ಚಿತ್ರ ಹರಳುಗಳ ಮೂಲಕ ಹಾದು, ಗೆರೆ ಎಳೆದ ಗಾಜಿನ ಮೇಲೆ ದೊಡ್ಡದಾಗಿ ಅಚ್ಚೊತ್ತಿತು. ಚೌಕಗಳಲ್ಲಿ ಬಿಳಿಯ ಕಣಗಳು! ವೈದ್ಯರಿಬ್ಬರೂ ಬೇರೆ ಬೇರೆ ಕೂತು ಎಣಿಸಿದರು. ಲೆಕ್ಕ ಒಂದೇ ಬಂತು.

“ಭಲೇ ಮಗನೇ!” ಎಂದು ಹಿರಿಯ ವೈದ್ಯರು ಅವನನ್ನು ಅಪ್ಪಿಕೊಂಡರು.

“ಮದ್ದು ತಮ್ಮದೇ ಆಗಬೇಕು, ಬುದ್ಧಿ. ಅದು ನನಗೆ ಬಾರದು” ಎಂದ ಸೋವಣ್ಣ.

ಈಗ ಯಾವ ಮದ್ದು ನಾಟುತ್ತದೆಂದು ಗಾಜೇ ತೋರಿಸಿತು. ಚಿತ್ರದಿಂದ ಚಿತ್ರಕ್ಕೆ ಕಣಗಳು ಕರಗಿದವು, ಮಂಜು ಸರಿಯಿತು.

ಹುಣ್ಣಿಮೆಯ ಮುನ್ನಾದಿನ ದೊರೆ ಸೋವಣ್ಣನನ್ನು ಕೇಳಿದ, “ಅರ್ಧ ರಾಜ್ಯದಲ್ಲಿ ಯಾವ ಅರ್ಧ ಬೇಕಪ್ಪಾ?”

“ಮೊದಲು ಸೆರೆಯಲ್ಲಿರುವ ಆ ಇಬ್ಬರ ಜೀವ ಕೊಡಿ, ಪ್ರಭೂ. ಉಳಿದದ್ದು ಆಮೇಲೆ ಮಾತಾಡೋಣ.”

ಡಂಗುರದ ಮಾತಿಗೆ ತಾನು ಕಟ್ಟುಬಿದ್ದಿದ್ದೇನೆಂಬುದು ಆಗ ಹೊನ್ನಲದೇವಿಯ ನೆನಪಿನಲ್ಲೇ ಇರಲಿಲ್ಲ. ತಾನಾಗಿಯೇ ಎದ್ದು ಹೋಗಿ ಅವನ ಕೊರಳಿಗೆ ಹಾರ ಹಾಕಿದಳು. ಮದುವೆಯೂಟದಲ್ಲಿ ಎಲ್ಲರಿಗಿಂತ ಹೆಚ್ಚು ಹೋಳಿಗೆ ಉಂಡವರು ಆ ಇಬ್ಬರು ರಾಜಕುಮಾರರೇ.