ಮೆದು ಹವಳಕ್ಕೆ ಕಲ್ಲು ಹುಡುಕಿದ್ದು

ಒಂದಾನೊಂದು ಊರಿನಲ್ಲಿ, ಸಮುದ್ರವನ್ನೇ ನೋಡದವರು ತುಂಬಿದ್ದ ಊರಿನಲ್ಲಿ, ಒಬ್ಬ ರಾಜನ ಮನೆಯೊಳಗೆ ಒಂದು ಸಮುದ್ರವಿತ್ತು. ಹೌದು, ಮನೆಯೊಳಗೇ. ಗಾಜಿನ ತೊಟ್ಟಿಗೆ ಬಾವಿ ನೀರು ತುಂಬಿ, ಉಪ್ಪು ಕಲಸಿ, "ನೀನೇ ಸಮುದ್ರ ಕಣಪ್ಪ" ಅಂತ ನೀರಿಗೆ ಹೇಳಿ ಒಪ್ಪಿಸಿದ್ದರು. ಪಾಪ, ನೀರು ನಂಬಿತ್ತು. ಸಣ್ಣ ಸಣ್ಣ ಅಲೆ ಕೂಡ ಏಳಿಸುತ್ತಿತ್ತು.

ಆ ಸಮುದ್ರದ ನಡುವೆ ಒಂದು ಬಂಡೆ. ಬಂಡೆಯ ಮೇಲೆ ಒಂದು ಮೆದು ಹವಳ. ಸರಕ್ಕೆ ಪೋಣಿಸುವ ಗಟ್ಟಿ ಹವಳ ಅಲ್ಲ ಸ್ವಾಮಿ, ಇದು ಜೀವ ಇರುವ ಹವಳ. ಅಣಬೆಯಂಥ ಕೊಡೆ, ಕೊಡೆಯ ತುಂಬ ಪುಟ್ಟ ಪುಟ್ಟ ಬೆರಳು. ಬೆಳಿಗ್ಗೆ ಬೆರಳೆಲ್ಲ ಅರಳಿಸಿ ತೂಗಿತೆಂದರೆ ನೋಡಿದವರ ಕಣ್ಣು ತಂಪಾಗುತ್ತಿತ್ತು. ಮೂಳೆಯಿಲ್ಲ, ಬೇರಿಲ್ಲ, ಆದರೂ ಹಿಡಿದರೆ ಹಿಡಿದದ್ದೇ. ಆ ಹಿಡಿತ ನೆನೆದರೆ ನನಗೆ ಈಗಲೂ ಕೈ ಮುಗಿಯಬೇಕು ಅನಿಸುತ್ತದೆ.

ರಾಜನ ಹೆಸರು ಬೆದಕಪ್ಪರಾಯ. ಅವನಿಗೆ ಒಂದೇ ಚಟ. ಇದ್ದದ್ದನ್ನು ಇದ್ದಲ್ಲಿ ಇರಗೊಡುತ್ತಿರಲಿಲ್ಲ. ಸಿಂಹಾಸನ ಚೂರು ಎಡಕ್ಕೆ. ಕಂಬ ಚೂರು ಎಡಕ್ಕೆ. ಆನೆ ಚೂರು ಎಡಕ್ಕೆ. ಹೀಗೆ ಸರಿಸಿ ಸರಿಸಿ ಒಮ್ಮೆ ಇಡೀ ಅರಮನೆ ಪಕ್ಕದ ರಾಜ್ಯಕ್ಕೆ ಹೋಗಿಬಿಟ್ಟಿತ್ತು. ಬೇಡಿಕೊಂಡು ವಾಪಸ್ ತಂದಿದ್ದರು. ಇಂಥವನು ಒಂದು ದಿನ ಹವಳವನ್ನು ನೋಡಿ, "ಇದೂ ಚೂರು ಎಡಕ್ಕೆ ಬರಲಿ" ಅಂದ.

"ನಾನು ಬರಲ್ಲ," ಅಂದಿತು ಬಂಡೆ. "ನಾನು ಬಂಡೆ."

ಅದು ಸರಿಯಾದ ಮಾತೇ. ಯಾರೂ ಎದುರಾಡಲಿಲ್ಲ.

"ಹಾಗಾದ್ರೆ ಹವಳ ಒಂದೇ ಬರಲಿ," ಅಂದ ರಾಜ.

"ಬಿಡಿಸೋದು ಸುಲಭ ಪ್ರಭು," ಅಂದಿತು ಹವಳ. "ಬುಡದಲ್ಲಿ ಕೊಯ್ಯಿರಿ, ಉಗುರು ತೆಗೆದಷ್ಟೇ. ಆದ್ರೆ ಆಮೇಲೆ ಹಿಡ್ಕೊಳ್ಳೋಕೆ ನನಗೆ ಏನಾದ್ರೂ ಬೇಕು. ಸಿಗದಿದ್ರೆ ಕೊಳೆತು ಹೋಗ್ತೀನಿ."

ರಾಜ ಮೊದಲರ್ಧ ಮಾತ್ರ ಕೇಳಿಸಿಕೊಂಡ. ಕೊಯ್ಸಿದ. ಹವಳ ತೇಲಿಕೊಂಡು ಹೊರಟಿತು.

ಅಂಟಿನವರು ಬಂದು ಅಂಟು ಬಳಿದರು. ಹವಳದ ಮೈಯೆಲ್ಲ ಲೋಳೆ, ಜಾರಿತು. ಅಂಟು ಯಾವುದಕ್ಕಾದರೂ ಅಂಟಲೇಬೇಕಲ್ಲ? ಒಂದು ಮೀನಿಗೂ ಮಂತ್ರಿಯ ಮೀಸೆಗೂ ಅಂಟಿಕೊಂಡಿತು. ಮೀನು ಎತ್ತ ಹೋದರೆ ಮಂತ್ರಿ ಅತ್ತ. ದರ್ಜಿ ಬಂದು ಹೊಲಿದ. ದಾರ ಬೆಣ್ಣೆಯಲ್ಲಿ ಇಳಿದಂತೆ ಇಳಿದು ಆಚೆ ಬಂತು. ದರ್ಜಿ ಬೇಜಾರಾಗಿ ಎರಡು ಅಲೆಗಳನ್ನು ಸೇರಿಸಿ ಹೊಲಿದು ಮನೆಗೆ ಹೋದ.

ಈಗ ರಾಜ ಅಳತೊಡಗಿದ. ಚಟ ಇದ್ದರೂ ಅವನು ಆ ಹವಳವನ್ನು ಪ್ರಾಣಕ್ಕಿಂತ ಹೆಚ್ಚು ಪ್ರೀತಿಸುತ್ತಿದ್ದ.

"ಅಲ್ಲಾ ರೀ," ಅಂದಳು ರಾಣಿ ಹೊನ್ನಾಜಮ್ಮ, "ಹೆಣ್ಣು ಕೊಡೋವಾಗ ಹೆಣ್ಣನ್ನ ಒಂದು ಮಾತು ಕೇಳಲ್ವಾ?"

ಕೇಳಿದರು. ಹವಳ ಹೇಳಿತು: "ಒಂದು ಬಟ್ಟಲಲ್ಲಿ ಪುಟ್ಟ ಪುಟ್ಟ ಕಲ್ಲು ಹಾಕಿ ನನ್ನನ್ನ ಬಿಡಿ. ನೀರು ಜೋರಾಗಿ ಹರೀಬಾರದು. ಮೇಲೊಂದು ತೆಳ್ಳಗಿನ ಬಟ್ಟೆ. ಯಾವುದನ್ನ ಹಿಡೀಬೇಕು ಅಂತ ನಾನು ನೋಡ್ಕೋತೀನಿ. ಯಾರೂ ಎತ್ತಿ ನೋಡಬೇಡಿ."

ರಾಣಿ ಪೆಟ್ಟಿಗೆಯಿಂದ ತಮ್ಮ ಮದುವೆಯ ಅಂತರಪಟ ತೆಗೆದಳು. ಗಂಡು ಹೆಣ್ಣಿನ ನಡುವೆ ಹಿಡಿಯುತ್ತಾರಲ್ಲ, ಅದೇ ತೆರೆ. "ಇದರ ಕೆಳಗಿಂದ ಇಣುಕಿ ನೀವು ಅವತ್ತು ಪುರೋಹಿತರ ಹತ್ರ ಬೈಸ್ಕೊಂಡಿದ್ರಿ. ಇವತ್ತಾದ್ರೂ ಸುಮ್ನಿರಿ," ಅಂದಳು.

ಬಟ್ಟಲಿಗೆ ಕಲ್ಲುಗಳು ಬಂದವು. "ನಾನು ಒಳ್ಳೇ ಹೊಳೆಯ ಕಲ್ಲು," ಅಂದಿತು ಒಂದು. "ನಮ್ಮನೇಲಿ ಅತ್ತೆ ಕಾಟ ಇಲ್ಲ," ಅಂದಿತು ಇನ್ನೊಂದು. ತೆರೆ ಮುಚ್ಚಿದರು. ಹವಳ ಯೋಚಿಸತೊಡಗಿತು.

ರಾಜ ತೆರೆ ಎತ್ತಿದ. "ಹಿಡೀತಾ?"

"ಹಿಡೀತಿದ್ದೆ."

ಮತ್ತೆ ಎತ್ತಿದ. "ಈಗ?"

"ಈಗಲೂ ಹಿಡೀತಿದ್ದೆ."

ಎತ್ತಿದಾಗಲೆಲ್ಲ ಬಟ್ಟಲು ಅಲುಗಿತು, ಕಲ್ಲು ಉರುಳಿತು, ಹವಳ ಜಾರಿತು. ಅದರ ಕೊಡೆ ಮುದುಡಿತು. ಬೆರಳುಗಳು ಒಳಗೆ ಹೋದವು. "ಇನ್ನೊಂದು ಸಲ ಎತ್ತಿದ್ರೆ ನಾನಿರಲ್ಲ," ಅಂದಿತು. ದನಿ ಸಣ್ಣಗಾಗಿತ್ತು.

ರಾಣಿ ರಾಜನ ಕಣ್ಣಿಗೆ ಬಟ್ಟೆ ಕಟ್ಟಿದಳು. ಕಣ್ಣು ಕಟ್ಟಿದರೆ ಬೆರಳು ನೋಡುತ್ತದೆ, ಅದು ನಿಮಗೂ ಗೊತ್ತು. ರಾಜನ ತೋರುಬೆರಳು ಮೆಲ್ಲಗೆ ತೆರೆಯ ಅಡಿಗೆ ನುಸುಳಿತು.

"ಯಾರದು?" ಅಂದಿತು ಹವಳ.

"ನಾನೇ."

"ಬಂದದ್ದಾಯ್ತಲ್ಲ. ಇನ್ನು ಅಲ್ಲಾಡಬೇಡಿ. ಅಲ್ಲಾಡಿದ್ರೆ ನಾನು ಸತ್ತೆ."

ರಾಜ ಕೂತ. ಹುಟ್ಟಿದಾಗಿನಿಂದ ಒಂದು ಕಡೆ ಕೂರದವನು ಕೂತ. ಮೂಗಿನ ಮೇಲೆ ನೊಣ ಬಂತು, ಕೂತ. ಅಡುಗೆಮನೆಯಿಂದ ಒಬ್ಬಟ್ಟಿನ ವಾಸನೆ ಬಂತು, ಕೂತೇ ಇದ್ದ. ಪಕ್ಕದ ರಾಜ ಯುದ್ಧಕ್ಕೆ ಬಂದು ಬಾಗಿಲಲ್ಲಿ ಕಹಳೆ ಊದಿಸಿದ. "ಶ್ಶ್! ಹವಳ ಹಿಡೀತಿದೆ," ಅಂದ ಬೆದಕಪ್ಪರಾಯ. ಶತ್ರು ಚಪ್ಪಲಿ ಬಿಟ್ಟು ಒಳಗೆ ಬಂದ, ಉಸಿರು ಬಿಗಿಹಿಡಿದು ನೋಡಿದ, ತುದಿಗಾಲಲ್ಲಿ ವಾಪಸ್ ಹೋದ. ಅವನ ಸೈನ್ಯವೂ ತುದಿಗಾಲಲ್ಲಿ. ಸೈನ್ಯದ ಆನೆಗಳೂ ತುದಿಗಾಲಲ್ಲಿ. ನಗಬೇಡಿ! ಹಾಗೆ ಕೂರೋದು ನಿಮ್ಮ ಕೈಲಿ ಆಗುತ್ತದೆಯೇ? ನನ್ನ ಕೈಲಂತೂ ಆಗದು. ಶಹಬ್ಬಾಸ್ ಅನ್ನಬೇಕು ಅವನಿಗೆ.

ಎಷ್ಟೋ ದಿನದ ಮೇಲೆ ಹವಳವೇ "ತೆಗೀರಿ" ಅಂದಿತು. ರಾಣಿ ತೆರೆ ತೆಗೆದಳು. ಹವಳ ಬೆರಳೆಲ್ಲ ಅರಳಿಸಿಕೊಂಡು, ಮೊದಲಿಗಿಂತ ಚೆಂದವಾಗಿ ನಿಂತಿತ್ತು. ನಿಂತದ್ದು ರಾಜನ ತೋರುಬೆರಳ ಮೇಲೆ.

"ಅಯ್ಯೋ! ಇಷ್ಟೊಂದು ಕಲ್ಲಿದ್ದೂ ಇವರ ಬೆರಳೇ ಯಾಕಮ್ಮ?" ಅಂದಳು ರಾಣಿ.

"ತೆರೆಯೊಳಗೆ ನನಗೆ ಏನು ಕಾಣುತ್ತೆ? ಯಾವುದು ಅಲ್ಲಾಡಲ್ವೋ ಅದೇ ಕಲ್ಲು," ಅಂದಿತು ಹವಳ.

ರಾಣಿಗೆ ನಗುವೂ ಬಂತು, ಕಣ್ಣೀರೂ ಬಂತು. ಗಂಡನ ಕಣ್ಣಿನ ಕಟ್ಟು ಬಿಚ್ಚಿದಳು. "ಸಾಕು, ಏಳಿ. ನಿಧಾನಕ್ಕೆ ಬಿಡಿಸಿ ಬೇರೆ ಕಲ್ಲಿಗೆ ಹಾಕೋಣ. ಊಟ ಆರ್ತಾ ಇದೆ."

ರಾಜ ಹವಳವನ್ನೇ ನೋಡುತ್ತಿದ್ದ. ಆಮೇಲೆ ಹೆಂಡತಿಯ ಕಡೆ ತಿರುಗಿದ, ಕತ್ತು ಮಾತ್ರ.

"ಕಲ್ಲು ಎಲ್ಲಾದ್ರೂ ಊಟಕ್ಕೆ ಎದ್ದು ಹೋಗುತ್ತೇನೇ?" ಅಂದ.

ರಾಣಿ ತಟ್ಟೆ ಅಲ್ಲಿಗೇ ತಂದು, ಕಲಸಿ, ತುತ್ತು ಮಾಡಿ ಕಲ್ಲಿನ ಬಾಯಿಗಿಟ್ಟಳು.

ಕತೆಯ ನೀತಿ ಏನು ಅಂತೀರಾ? ನೀರಿಗೆ ಬೆರಳು ಹಾಕುವ ಮುಂಚೆ ಊಟ ಮುಗಿಸಿರಬೇಕು. ಇನ್ನೂ ದೊಡ್ಡ ನೀತಿ ಬೇಕಾದವರು ಬೇರೆ ಮನೆಯ ಜಗಲಿಗೆ ಹೋಗಬಹುದು.